ರೂಟಿಂಗ್ ಟೇಬಲ್ ಬಗ್ಗೆ ಬರೆದು ಕಳಿಸಿದ ಉಡುಪಿಯ ಗೆಳೆಯರಿಗೆ

ನಮಸ್ಕಾರ. ರೂಟಿಂಗ್ ಟೇಬಲ್ (ಯಾವ ವಿಳಾಸದ ಪ್ಯಾಕೆಟ್ ಯಾವ ಕಡೆ ಹೋಗಬೇಕು ಅಂತ ರೂಟರ್ ಇಟ್ಟುಕೊಳ್ಳುವ ಪಟ್ಟಿ) ನೋಡಿ ಯಾವ ರೂಟ್ ಯಾವ ಜಾತಿಯದು ಅಂತ ಗುರುತಿಸುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದನ್ನೆಲ್ಲ ಕನ್ನಡದಲ್ಲಿ ಕೂತು ಬರೆಯುವವರು ತುಂಬಾ ಕಡಿಮೆ, ನನಗೆ ಈ ಲೇಖನ ಬೇಕು.

ಆರು ಪುಟ ಬರೆದಿದ್ದೀರಿ, ಅದರಲ್ಲಿ ಒಂದೇ ಒಂದು ಟೇಬಲ್ ಇಲ್ಲ ಮಾರಾಯ್ರೆ! ಸ್ಟಾಟಿಕ್ (ನಾವೇ ಕೈಯಿಂದ ಹಾಕಿದ ದಾರಿ) ಅಂದರೆ ಇದು, ಡೈನಾಮಿಕ್ (ರೂಟರುಗಳು ತಮ್ಮತಮ್ಮಲ್ಲೇ ಕೇಳಿ ಕಲಿತ ದಾರಿ) ಅಂದರೆ ಅದು ಅಂತ ಬರೀ ವ್ಯಾಖ್ಯೆಗಳು. ಓದುವವರು ಸಿಸ್ಕೊ ರೂಟರ್‌ನಲ್ಲಿ 'ಶೋ ಐಪಿ ರೂಟ್' ಆಜ್ಞೆ ಕೊಟ್ಟಾಗ ಕಾಣುವುದು ಸಾಲುಗಳು, ವ್ಯಾಖ್ಯೆ ಅಲ್ಲ. ಒಂದು ಸಾಲನ್ನು ಹಿಡಿದು ಬಿಡಿಸಿ ತೋರಿಸಿ:

ಓ 10.1.5.0/24 [110/2] ವಯಾ 10.1.1.2, 00:14:07

ಮೊದಲ ಅಕ್ಷರ 'ಓ', ಅಂದರೆ ಓಎಸ್‌ಪಿಎಫ್ ಹೇಳಿಕೊಟ್ಟ ದಾರಿ (ರೂಟರುಗಳು ಒಂದಕ್ಕೊಂದು ದಾರಿ ತಿಳಿಸುವ ಒಂದು ಪ್ರೋಟೊಕಾಲ್ ಅದು). 10.1.5.0/24 ತಲುಪಬೇಕಾದ ನೆಟ್‌ವರ್ಕ್, /24 ಅನ್ನುವುದು ಮಾಸ್ಕ್, ವಿಳಾಸದ ಮೊದಲ 24 ಬಿಟ್ ಹೊಂದಬೇಕು ಅಂತ. 110 ಅಂದರೆ ಹೇಳಿದವರ ಮಾತನ್ನು ಎಷ್ಟು ನಂಬಬಹುದು ಅನ್ನುವ ಅಂಕ (ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್), ಕಡಿಮೆ ಇದ್ದಷ್ಟೂ ನಂಬಿಕೆ ಜಾಸ್ತಿ. 2 ಆ ದಾರಿಯ ಖರ್ಚು. 10.1.1.2 ಪಕ್ಕದ ರೂಟರ್. ಕೊನೆಯದು ಈ ದಾರಿ ಟೇಬಲಿಗೆ ಬಂದು ಎಷ್ಟು ಹೊತ್ತಾಯಿತು ಅಂತ, 14 ನಿಮಿಷ 7 ಸೆಕೆಂಡು. ಇಷ್ಟು ಹೇಳಿದರೆ ನಿಮ್ಮ ಎರಡು ಪುಟ ಸುಮ್ನೆ ಉಳಿಯುತ್ತದೆ.

ಇನ್ನು ತಪ್ಪುಗಳು. 'ಎಲ್' ಅಂದರೆ ಲ್ಯಾನ್ ಅಂತ ಬರೆದಿದ್ದೀರಿ. ಅಲ್ಲ, ಅದು ಲೋಕಲ್, ರೂಟರಿನ ಸ್ವಂತ ವಿಳಾಸ, ಅದಕ್ಕೇ ಪಕ್ಕದಲ್ಲಿ ಯಾವಾಗಲೂ /32, ಅಂದರೆ ಒಂದೇ ಒಂದು ವಿಳಾಸ. ನೇರ ಜೋಡಿಸಿದ ನೆಟ್‌ವರ್ಕಿಗೆ 'ಸಿ'. "10.0.0.0/8, 4 ಸಬ್‌ನೆಟ್, 3 ಮಾಸ್ಕ್" ಎಂಬ ಸಾಲನ್ನೂ ರೂಟ್ ಅಂತ ಎಣಿಸಿದ್ದೀರಿ. ಅದು ಕೆಳಗಿನ ಸಾಲುಗಳಿಗೆ ತಲೆಬರಹ ಅಷ್ಟೆ. ಅದರಲ್ಲಿ ಪಕ್ಕದ ರೂಟರ್ ಇಲ್ಲ, ಹೊರಗೆ ಹೋಗುವ ಇಂಟರ್‌ಫೇಸ್ ಇಲ್ಲ, ಮತ್ತೆ ಪ್ಯಾಕೆಟ್ ಹೋಗುವುದೆಲ್ಲಿಗೆ? ಇಐಜಿಆರ್‌ಪಿಗೆ (ಇದೂ ದಾರಿ ತಿಳಿಸುವ ಇನ್ನೊಂದು ಪ್ರೋಟೊಕಾಲ್) 'ಡಿ' ಯಾಕೆ ಅಂತ ಹೇಳದೆ ಬಿಟ್ಟಿದ್ದೀರಿ. 'ಇ' ಅಕ್ಷರ ಆಗಲೇ ಇಜಿಪಿ ಎಂಬ ಹಳೆಯ ಪ್ರೋಟೊಕಾಲಿಗೆ ಹೋಗಿತ್ತು.

ದೊಡ್ಡ ತಪ್ಪು ನಾಲ್ಕನೇ ಪುಟದಲ್ಲಿದೆ. 10.1.0.0/16ಕ್ಕೆ ಸ್ಟಾಟಿಕ್, 10.1.5.0/24ಕ್ಕೆ ಓಎಸ್‌ಪಿಎಫ್, 10.1.5.20ಕ್ಕೆ ಹೋಗುವ ಪ್ಯಾಕೆಟ್ ಸ್ಟಾಟಿಕ್ ದಾರಿ ಹಿಡಿಯುತ್ತದೆ, ಯಾಕೆಂದರೆ ಸ್ಟಾಟಿಕ್ ರೂಟಿನ ನಂಬಿಕೆಯ ಅಂಕ 1 ಅನ್ನುವುದು 110ಕ್ಕಿಂತ ಕಡಿಮೆ ಅಂತೀರಿ. ಇಲ್ಲ, /24 ಗೆಲ್ಲುತ್ತದೆ. ವಿಳಾಸಕ್ಕೆ ಯಾವುದು ಜಾಸ್ತಿ ಉದ್ದಕ್ಕೆ ಹೊಂದುತ್ತದೋ ಅದೇ ದಾರಿ. ನಂಬಿಕೆಯ ಅಂಕ ಕೆಲಸಕ್ಕೆ ಬರುವುದು ಒಂದೇ ನೆಟ್‌ವರ್ಕಿಗೆ, ಅದೇ ಮಾಸ್ಕಿಗೆ ಇಬ್ಬರು ದಾರಿ ಹೇಳಿದಾಗ, ಯಾರನ್ನು ಟೇಬಲಿಗೆ ಸೇರಿಸಬೇಕು ಅಂತ. ಮಂಗಳೂರಿನ ಒಂದು ಕಚೇರಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಯಾರೋ ಹಿಂದೆ ಹಾಕಿ ಮರೆತ ಒಂದು ಸ್ಟಾಟಿಕ್ ರೂಟ್, ಅದು ತೋರಿಸುತ್ತಿದ್ದ ರೂಟರನ್ನು ತೆಗೆದೇ ಎಷ್ಟೋ ದಿನ ಆಗಿತ್ತು, ಆದರೆ ನಡುವೆ ಸ್ವಿಚ್ ಇದ್ದುದರಿಂದ ಈ ಕಡೆಯ ಪೋರ್ಟ್ ಆರಾಮಾಗಿ ಅಪ್ ಇತ್ತು, ಹಾಗಾಗಿ ಆ ಸಾಲು ಟೇಬಲಿನಲ್ಲೇ ಕೂತು ಅದೇ /24ಕ್ಕೆ ಓಎಸ್‌ಪಿಎಫ್ ಹೇಳುತ್ತಿದ್ದ ಸರಿಯಾದ ದಾರಿಯನ್ನು ಒಳಗೆ ಬಿಡುತ್ತಲೇ ಇರಲಿಲ್ಲ. ಸಾಲಿನ ಮೊದಲಿನ 'ಎಸ್' (ಸ್ಟಾಟಿಕ್) ಅಕ್ಷರ ನೋಡಿದ ಮೇಲೆಯೇ ನನಗೆ ಹೊಳೆದದ್ದು. ರೂಟ್ ಗುರುತಿಸಲು ಯಾಕೆ ಕಲಿಯಬೇಕು ಅನ್ನುವುದಕ್ಕೆ ಇಂಥ ಒಂದು ಘಟನೆ ನಿಮ್ಮಲ್ಲೂ ಇರುತ್ತದೆ, ಅಲ್ವಾ? ಅದರಿಂದಲೇ ಶುರು ಮಾಡಿ.

ಅಂಚೆಯಣ್ಣನ ಹೋಲಿಕೆ ಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ಉಡುಪಿಯವರು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮಲ್ಪೆಗೆ ಹೋಗುವವರು ಏನು ಮಾಡುತ್ತಾರೆ? ಉಡುಪಿ ಬೋರ್ಡಿನ ಬಸ್ ಹತ್ತುತ್ತಾರೆ, ಮುಂದಿನದನ್ನು ಉಡುಪಿಯಲ್ಲಿ ಇಳಿದು ನೋಡಿಕೊಳ್ಳುತ್ತಾರೆ. ಮಲ್ಪೆ ಅಂತಲೇ ಬೋರ್ಡ್ ಇರುವ ಬಸ್ ಎದುರಿಗೆ ನಿಂತಿದ್ದರೆ ಅದನ್ನೇ ಹತ್ತುತ್ತಾರೆ. ರೂಟರ್ ಮಾಡುವುದೂ ಇದನ್ನೇ.

'ಆಡಳಿತಾತ್ಮಕ ಅಂತರ' ಅಂತ ಬರೆದದ್ದನ್ನು ತೆಗೆದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಅಂತಲೇ ಬರೆಯಿರಿ. ಡಿಫಾಲ್ಟ್ ರೂಟಿನ (ಬೇರೆ ಯಾವುದೂ ಹೊಂದದಾಗ ಹಿಡಿಯುವ ದಾರಿ) ನಕ್ಷತ್ರ ಗುರುತನ್ನು ಚೆನ್ನಾಗಿ ವಿವರಿಸಿದ್ದೀರಿ, ಆ ಪ್ಯಾರಾ ಮುಟ್ಟಬೇಡಿ. ಮೂರು ಪುಟಕ್ಕೆ ಇಳಿಸಿ, ನಿಮ್ಮದೇ ಲ್ಯಾಬಿನ ಟೇಬಲ್ ಒಂದನ್ನು ಹಾಕಿ, ಈ ತಿಂಗಳ ಕೊನೆಯೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.