ಡಾಕ್ಟ್ರೇ, ಒಂದ್ ಮಾತು: ಸ್ಕ್ಯಾನ್‌ನಲ್ಲಿ ವೆರಿಕೋಸೀಲ್ ಅಂತ ಬಂದ್ರೆ ಕೊಯ್ಯಿಸ್ಲೇಬೇಕಾ?

ಪ್ರಶ್ನೆ: ನನಗೆ 29 ವರ್ಷ, ಮದುವೆ ಆಗಿಲ್ಲ. ಕುಂದಾಪುರ ಕಡೆಯವ, ಡೊಂಬಿವ್ಲಿಯಲ್ಲಿ ರೂಮು, ದಾದರ್‌ನಲ್ಲಿ ಹೋಟೆಲ್ ಕೆಲಸ. ಲೋಕಲ್‌ನಲ್ಲಿ ನಿಂತ್ಕೊಂಡು ಬರೋದು, ಇಲ್ಲಿ ಹತ್ತು ತಾಸು ನಿಂತೇ ಕೆಲಸ, ಮತ್ತೆ ನಿಂತ್ಕೊಂಡೇ ವಾಪಸ್. ಆರು ತಿಂಗಳಿಂದ ಸಂಜೆ ಆಯ್ತು ಅಂದ್ರೆ ಎಡಗಡೆ ಬೀಜದಲ್ಲಿ ಎಳೆದ ಹಾಗೆ, ಭಾರ ಕಟ್ಟಿದ ಹಾಗೆ ನೋವು, ಮಲಗಿದ್ರೆ ಹೋಗ್ತದೆ. ಸ್ಕ್ಯಾನ್ ಮಾಡಿಸಿದ್ರೆ ‘ಎಡಗಡೆ ವೆರಿಕೋಸೀಲ್, ಗ್ರೇಡ್ 1’ ಅಂತ ಬಂತು. ಒಬ್ರು ಡಾಕ್ಟ್ರು ರಿಪೋರ್ಟ್ ನೋಡಿ ಈಗ್ಲೇ ಆಪರೇಷನ್ ಮಾಡಿಸ್ಕೋ, ಇಲ್ದಿದ್ರೆ ಮಕ್ಕಳಾಗಲ್ಲ ಅಂದ್ರು. ಊರಲ್ಲಿ ಹುಡುಗಿ ನೋಡ್ತಿದ್ದಾರೆ, ಅಮ್ಮನಿಗೆ ಹೇಗೆ ಹೇಳೋದು?

ಉತ್ತರ: ಅಮ್ಮನಿಗೆ ಏನೂ ಹೇಳ್ಬೇಡಿ ಮಾರಾಯ್ರೆ, ಹೇಳುವಂಥದ್ದು ಇನ್ನೂ ಏನೂ ಆಗಿಲ್ಲ. ನಿಮ್ಮ ಹೋಟೆಲಿನಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತು ಸಪ್ಲೈ ಮಾಡಿದವರ ಕಾಲು ನೋಡಿರ್ತೀರಿ, ಮೀನಖಂಡದಲ್ಲಿ ರಕ್ತನಾಳ ನೀಲಿ ಹಗ್ಗದ ಹಾಗೆ ಎದ್ದಿರ್ತದೆ. ಇದೂ ಅದೇ ಜಾತಿದು, ಜಾಗ ಬೇರೆ ಅಷ್ಟೆ. ವೃಷಣದಿಂದ ರಕ್ತ ಮೇಲಕ್ಕೆ ಹತ್ಬೇಕು, ನಾಳದೊಳಗಿನ ವಾಲ್ವ್ ಸಡಿಲ ಆದ್ರೆ ಅದು ಕೆಳಗೇ ನಿಂತು ನಾಳ ಉಬ್ತದೆ. ಹೆಚ್ಚಾಗಿ ಎಡಗಡೆನೇ ಯಾಕೆ ಅಂದ್ರೆ, ಎಡಗಡೆ ನಾಳ ಉದ್ದ, ಅದು ಹೋಗಿ ಕಿಡ್ನಿಯ ನಾಳಕ್ಕೆ ಟಿ ಆಕಾರದಲ್ಲಿ ನೆಟ್ಟಗೆ ಸೇರ್ತದೆ, ಬಲಗಡೆದು ಹೊಟ್ಟೆಯ ದೊಡ್ಡ ನಾಳಕ್ಕೆ ಓರೆಯಾಗಿ ಸೇರೋದ್ರಿಂದ ರಕ್ತ ಸಲೀಸಾಗಿ ಹೋಗ್ತದೆ. ನೂರು ಗಂಡಸರಲ್ಲಿ ಸುಮಾರು 15 ಜನಕ್ಕೆ ವೆರಿಕೋಸೀಲ್ ಉಂಟು, ಹೆಚ್ಚಿನವರಿಗೆ ಇರೋದೇ ಗೊತ್ತಿಲ್ಲ, ಮಕ್ಕಳು ಮರಿ ಎಲ್ಲ ಆಗಿ ಆರಾಮಾಗಿದ್ದಾರೆ. ಆಪರೇಷನ್ ಮಾಡಿಸದಿದ್ರೆ ಮಕ್ಕಳೇ ಆಗಲ್ಲ ಅನ್ನೋದು ತಪ್ಪು ಮಾತು, ಅದನ್ನ ಹೆದರಿಸೋಕೆ ಹೇಳಿದ್ರೋ ಅವಸರದಲ್ಲಿ ಹೇಳಿದ್ರೋ ನಂಗೊತ್ತಿಲ್ಲ.

ನಾನು ಕೇಳೋದು ಒಂದೇ, ಅವರು ನಿಮ್ಮನ್ನ ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿದ್ರಾ? ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಇದರ ಗ್ರೇಡ್ ನಿರ್ಧಾರ ಆಗ್ಬೇಕಾದ್ದು ಕೈಯಲ್ಲಿ. ನಿಂತು ಉಸಿರು ಬಿಗಿಹಿಡಿದು ಮುಕ್ಕಿದಾಗ ಮಾತ್ರ ಕೈಗೆ ಸಿಕ್ಕಿದ್ರೆ 1, ಸುಮ್ನೆ ನಿಂತಾಗ್ಲೇ ಸಿಕ್ಕಿದ್ರೆ 2, ಮುಟ್ಟೋದೇ ಬೇಡ ಕಣ್ಣಿಗೇ ಕಂಡ್ರೆ 3. ನಮ್ಗೆ ಕಾಲೇಜಲ್ಲಿ ಹುಳ ತುಂಬಿದ ಚೀಲದ ಹಾಗೆ ಅಂತ ಕಲಿಸಿದ್ರು, ನಂಗೆ ಅದು ನೆನೆಸಿದ ಶಾವಿಗೆ ಮುಟ್ಟಿದ ಹಾಗೇ ಅನ್ಸೋದು. ಕೈಗೆ ಸಿಗದೆ ಸ್ಕ್ಯಾನಿನಲ್ಲಿ ಮಾತ್ರ ಕಂಡಿದ್ದಕ್ಕೆ ಕತ್ತರಿ ಹಾಕೋದು ಬೇಡ, ಅದರಿಂದ ಲಾಭ ಇಲ್ಲ.

ಈಗ ನೋವಿನ ವಿಷಯ. ನೀವು ಹೇಳೋ ರೀತಿ ವೆರಿಕೋಸೀಲ್ ನೋವಿಗೆ ಹೊಂದ್ತದೆ, ಆದ್ರೆ ಹರ್ನಿಯಾ, ಕಿಡ್ನಿ ಕಲ್ಲು, ಸೋಂಕು, ಬೆನ್ನಿನ ನರ ಇವೆಲ್ಲ ಅದೇ ಜಾಗಕ್ಕೆ ನೋವು ಕಳಿಸ್ತವೆ, ಅದನ್ನ ಮೊದಲು ನೋಡಿಸ್ಬೇಕು. ಒಂದೆರಡು ಮೂರು ತಿಂಗಳು ಬಿಗಿ ಚಡ್ಡಿ ಅಥವಾ ಸಪೋರ್ಟರ್ ಹಾಕಿ (ನಮ್ಮಜ್ಜ ಗದ್ದೆಗೆ ಲಂಗೋಟಿ ಕಟ್ಕೊಂಡೇ ಇಳೀತಿದ್ರು, ಯಾಕೆ ಅಂತ ನಂಗೆ ಎಂಬಿಬಿಎಸ್ ಆದ್ಮೇಲೆ ಅರ್ಥ ಆಯ್ತು), ಮಧ್ಯೆ ಮಧ್ಯೆ ಐದು ನಿಮಿಷ ಕೂತ್ಕೊಳ್ಳಿ, ಹಿಟ್ಟಿನ ಮೂಟೆ ಎತ್ತೋದು ಬೇರೆಯವರಿಗೆ ಬಿಡಿ, ಮಲಬದ್ಧತೆ ಇದ್ರೆ ಸರಿ ಮಾಡ್ಕೊಳ್ಳಿ. ಅಷ್ಟಾದ್ರೂ ನೋವು ಹೋಗ್ಲಿಲ್ಲ, ಕೈಗೂ ಚೆನ್ನಾಗಿ ಸಿಗ್ತದೆ, ಬೇರೆ ಕಾರಣನೂ ಇಲ್ಲ ಅಂದ್ರೆ ಆಗ ಆಪರೇಷನ್ ಮಾತು. ಮನಸ್ಸಿನ ಸಮಾಧಾನಕ್ಕೆ ಬೇಕಿದ್ರೆ ವೀರ್ಯ ಪರೀಕ್ಷೆ ಮಾಡಿಸಿ, 2ರಿಂದ 7 ದಿನ ವೀರ್ಯ ಹೊರಗೆ ಹೋಗದ ಹಾಗೆ ಇದ್ದು ಆಮೇಲೆ ಸ್ಯಾಂಪಲ್ ಕೊಡ್ಬೇಕು. ದುಡ್ಡಿನ ಚಿಂತೆ ಇದ್ರೆ ಪರೇಲ್‌ನ ಕೆಇಎಂ ಆಸ್ಪತ್ರೆ, ಸಯನ್ ಆಸ್ಪತ್ರೆ ಎರಡರಲ್ಲೂ ಯೂರಾಲಜಿ (ಮೂತ್ರಾಂಗದ ವಿಭಾಗ) ಒಪಿಡಿ ಉಂಟು, ಕ್ಯೂ ಉದ್ದ, ರಜೆ ಹಾಕಿ ಹೋಗಿ.

ಇದೊಂದು ನೆನಪಿಡಿ: ಏಕ್ದಮ್ ಜೋರು ನೋವು ಬಂದು ವಾಂತಿ ಬಂದ ಹಾಗಾದ್ರೆ ಅದು ವೆರಿಕೋಸೀಲ್ ಅಂತ ಮಲಗ್ಬೇಡಿ, ಬೀಜ ತಿರುಚಿರಬಹುದು, ಬೀಜ ಉಳೀಬೇಕಾದ್ರೆ 6 ತಾಸಿನೊಳಗೆ ಚಿಕಿತ್ಸೆ ಆಗ್ಬೇಕು. ಬೀಜದಲ್ಲೇ ಗಟ್ಟಿ ಗಂಟು ಸಿಕ್ಕಿದ್ರೂ ತಡ ಮಾಡ್ಬೇಡಿ. ಬಲಗಡೆ ಮಾತ್ರ ಉಬ್ಬಿದ್ರೆ, ಅಥವಾ ಮಲಗಿದ್ರೂ ಉಬ್ಬು ಇಳೀದಿದ್ರೆ ಹೊಟ್ಟೆ, ಕಿಡ್ನಿ ಸ್ಕ್ಯಾನ್ ಮಾಡಿಸ್ಬೇಕು. ನಿಮ್ದು ಹಾಗಿಲ್ಲ.

ಪ್ರಶ್ನೆ: ಚಿಂಚವಡದಿಂದ ಬರೀತಿದೀನಿ. ಮದುವೆ ಆಗಿ 3 ವರ್ಷ, ನಂಗೆ 35, ಇವ್ರಿಗೆ 37. ನನ್ನ ಟೆಸ್ಟ್ ಎಲ್ಲ ನಾರ್ಮಲ್, ಇವ್ರ ವೀರ್ಯಾಣು ಎರಡು ಸಲನೂ ಮಿಲಿಗೆ 60 ಲಕ್ಷ, ವೆರಿಕೋಸೀಲ್ ಗ್ರೇಡ್ 3 ಇದೆ. ಆಪರೇಷನ್ನಾ, ನೇರ ಐವಿಎಫ್ಫಾ? ಅತ್ತೆ ಇನ್ನೂ ನನ್ನನ್ನೇ ಡಾಕ್ಟ್ರ ಹತ್ರ ಕಳಿಸ್ತಿದಾರೆ.

ಉತ್ತರ: ಅತ್ತೆಗೆ ಮಗನ ರಿಪೋರ್ಟ್ ಮಗನೇ ತೋರಿಸ್ಲಿ, ಅದು ನಿಮ್ಮ ಕೆಲಸ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕನಿಷ್ಠ ಮಟ್ಟ ಮಿಲಿಗೆ 1 ಕೋಟಿ 60 ಲಕ್ಷ, ಇವ್ರದ್ದು ಅದಕ್ಕಿಂತ ತುಂಬ ಕೆಳಗೆ, ನಾಳ ಕಣ್ಣಿಗೇ ಕಾಣ್ತದೆ, ಮಕ್ಕಳಿಗೆ ಪ್ರಯತ್ನ ಮಾಡ್ತಾ ಇದ್ದೀರಿ. ಆಪರೇಷನ್ ಬೇಕು ಅನ್ನೋದು ಇಂಥವರಿಗೇ. ತೊಡೆಸಂದಿಯಲ್ಲಿ ಚಿಕ್ಕ ಗಾಯ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡ್ಕೊಂಡು ಉಬ್ಬಿದ ನಾಳ ಮಾತ್ರ ಕಟ್ತಾರೆ, ಹಾಗೆ ಮಾಡಿದ್ರೆ ಆಮೇಲೆ ಬೀಜದ ಸುತ್ತ ನೀರು ತುಂಬೋದು, ಮತ್ತೆ ಬರೋದು ಕಮ್ಮಿ. ಹೆಚ್ಚಿನವರಿಗೆ ರಿಪೋರ್ಟ್ ಸುಧಾರಿಸ್ತದೆ, ಆದ್ರೆ ಗರ್ಭ ನಿಂತೇ ನಿಲ್ತದೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬ್ಬೇಡಿ. ಕಷ್ಟ ಇರೋದು ಟೈಮ್‌ನಲ್ಲಿ. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಹತ್ರ ಬೇಕು, ಫಲ ಗೊತ್ತಾಗೋಕೆ 3ರಿಂದ 6 ತಿಂಗಳು. ನಿಮಗೆ 28 ಆಗಿದ್ರೆ ಕಣ್ಣು ಮುಚ್ಚಿ ಮೊದಲು ಆಪರೇಷನ್ ಅಂತಿದ್ದೆ. 35ಕ್ಕೆ, ನಿಮ್ಮ ಎಎಂಎಚ್ ಟೆಸ್ಟ್ (ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಕೊಡೋ ರಕ್ತ ಪರೀಕ್ಷೆ) ನೋಡಿ, ಅಂಡಾಣು ಸಂಗ್ರಹ ಚೆನ್ನಾಗಿದ್ರೆ ಆ ಆರು ತಿಂಗಳು ಕೊಡಬಹುದು, ಕಮ್ಮಿ ಇದ್ರೆ ಐವಿಎಫ್ ಮುಂದೂಡೋದು ಬೇಡ. ಯೂರಾಲಜಿಸ್ಟನ್ನೂ ಐವಿಎಫ್ ಡಾಕ್ಟ್ರನ್ನೂ ಇಬ್ರನ್ನೂ ಕೇಳಿ, ಒಬ್ಬೊಬ್ರು ತಮ್ಮ ಅಂಗಡಿ ಸಾಮಾನನ್ನೇ ಹೊಗಳೋದು ಇದ್ದದ್ದೇ.

ಪ್ರಶ್ನೆ: ವಾಸ್ಕೋದಲ್ಲಿದ್ದೇವೆ. 14 ವರ್ಷದ ಮಗನಿಗೆ ಸ್ಕೂಲ್ ಚೆಕಪ್‌ನಲ್ಲಿ ಎಡಗಡೆ ವೆರಿಕೋಸೀಲ್ ಅಂದ್ರು. ನೋವಿಲ್ಲ, ಫುಟ್‌ಬಾಲ್ ಆಡ್ತಾನೆ. ನಿಲ್ಲಿಸ್ಬೇಕಾ?

ಉತ್ತರ: ಆಡ್ಲಿ ಬಿಡಿ. ಈ ವಯಸ್ಸಲ್ಲಿ ನೋಡೋದು ಎರಡು ಬೀಜದ ಗಾತ್ರ. ಎಡಗಡೆದು 20 ಶೇಕಡಕ್ಕಿಂತ ಜಾಸ್ತಿ ಚಿಕ್ಕದಾಗಿ, ಮತ್ತೆ ಅಳೆದಾಗಲೂ ಹಾಗೇ ಉಳಿದ್ರೆ ಆಪರೇಷನ್ ಯೋಚನೆ ಮಾಡ್ತಾರೆ, ಇಲ್ಲಾಂದ್ರೆ ವರ್ಷಕ್ಕೊಮ್ಮೆ ಅಳೆಸಿ. ಅಮ್ಮಾ, ಒಳಗೆ ಪರೀಕ್ಷೆ ಮಾಡೋವಾಗ ನೀವು ಹೊರಗೆ ಕೂತಿರಿ, ಅಪ್ಪ ಬೇಕಾದ್ರೆ ಹೋಗ್ಲಿ, ಹದಿನಾಲ್ಕರ ಹುಡುಗ ಅಮ್ಮನ ಎದುರು ಬಾಯೇ ಬಿಡಲ್ಲ.