ಏರು ಸಿಕ್ಕಿದ ಕೂಡ್ಲೆ ನಿಲ್ಲುವ ಹಳೇ ಮಾರುತಿ

ಪ್ರಶ್ನೆ: ನಮ್ಮದು 1996ರ ಮಾರುತಿ 800, ಅಪ್ಪ ತಗೊಂಡದ್ದು, ಕಾರ್ಬುರೇಟರಿನ ಗಾಡಿ. ಮಳೆಗಾಲ ಪೂರ್ತಿ ಶೆಡ್ಡಲ್ಲೇ ಇತ್ತು. ಈಗ ಬದಿಯಡ್ಕ ಪೇಟೆಗೆ ಹೋಗುವಾಗ ಸಮತಟ್ಟಲ್ಲಿ ಚಂದ ಓಡ್ತದೆ, ಏರು ಬಂತು ಅಂದ್ರೆ ಎರಡು ಸಲ ಜರ್ಕ್ ಹೊಡೆದು ಆಫ್. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದ್ರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗ್ತದೆ. ಎರಡು ಸಲ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ, ಪ್ಲಗ್, ಕಾಯಿಲ್ ಹೊಸತು. ಈಗ ಕಾರ್ಬುರೇಟರೇ ಬದಲಿಸ್ಬೇಕಂತೆ. ಬದಲಿಸ್ಲಾ?
– ಪೆರ್ಲದ ಓದುಗರು

ಉತ್ತರ: ಈಗಲೇ ಬೇಡ ಮಾರಾಯ್ರೇ. ನಿಂತ ಮೇಲೆ ತನ್ನಷ್ಟಕ್ಕೇ ಸರಿಯಾಗ್ತದೆ ಅಂತ ಬರೆದಿದ್ದೀರಲ್ಲ, ಅದರಲ್ಲೇ ಉತ್ತರ ಉಂಟು. ಕಾರ್ಬುರೇಟರ್ ಅಂದ್ರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ, ಅದರ ಬೌಲಲ್ಲಿ, ಅಂದ್ರೆ ಪೆಟ್ರೋಲ್ ನಿಲ್ಲುವ ಬಟ್ಟಲಲ್ಲಿ, ಹಿಡಿಯುವುದು ತುಂಬಾ ಸ್ವಲ್ಪ, ಏರಲ್ಲಿ ಇಂಜಿನ್ ಜಾಸ್ತಿ ಕೇಳ್ತದೆ, ಹಿಂದಿನಿಂದ ಅಷ್ಟು ಬರುವುದಿಲ್ಲ, ಬೌಲ್ ಖಾಲಿ. ಹಾಗಾಗಿ ಹುಡುಕಬೇಕಾದ್ದು ಟ್ಯಾಂಕಿನ ಕಡೆಯಿಂದ.

ಮುಂದಿನ ಸಲ ನಿಂತಾಗ ಬಾನೆಟ್ ಎತ್ತುವ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. ಸುಯ್ ಅಂತ ಗಾಳಿ ಒಳಗೆ ಎಳೆದ್ರೆ, ಕೂಡ್ಲೆ ಸ್ಟಾರ್ಟ್ ಆದ್ರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಅಂತ ಲೆಕ್ಕ. ಮಳೆಗಾಲ ಕಳೆದು ಶೆಡ್ಡಿಂದ ತೆಗೆದ ಒಂದು ಜೀಪಿನ ಗಾಳಿ ಪೈಪಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದ್ದನ್ನು ನಾನೇ ತಂತಿ ಹಾಕಿ ಕೆದಕಿ ತೆಗೆದಿದ್ದೇನೆ, ಆ ಗಾಡಿಗೂ ಅದಕ್ಕಿಂತ ಮೊದಲು ಪಂಪು ಬದಲಿಸಿ ಆಗಿತ್ತು.

ಮುಚ್ಚಳ ಸರಿ ಇದ್ರೆ ರಬ್ಬರ್ ಪೈಪ್ ನೋಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ನಿಮ್ಮ ಗಾಡಿಯ ಪಂಪು ಇಂಜಿನ್ ಹತ್ತಿರ ಉಂಟು, ಇಂಜಿನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಅನ್ನುವ ದಂಡದಿಂದ ನಡೆಯುವಂಥದ್ದು, ಹಿಂದಿನ ಟ್ಯಾಂಕಿಂದ ಅದು ಪೆಟ್ರೋಲ್ ಎಳೆದು ತರ್ಬೇಕು. ಎಳೆಯುವ ಪೈಪ್ ಬಿರುಕು ಬಿಟ್ರೆ ಪೆಟ್ರೋಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗ್ತದೆ, ಅಡಿಯಲ್ಲಿ ಒಂದು ಹನಿ ಕಾಣದೇ ಇರ್ಬಹುದು. ಕ್ಲಾಂಪಿನ ಹತ್ತಿರ ಪೈಪನ್ನು ಬಗ್ಗಿಸಿ ನೋಡಿ, ಸಣ್ಣ ಸಣ್ಣ ಗೆರೆ ಬಾಯಿ ಬಿಡ್ತದೆ. ಈಗ ಬಂಕಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್, ಆ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಇ20ಗೆ ಆಗುವ ಫ್ಯೂಯಲ್ ಹೋಸೇ ಬೇಕು ಅಂತ ಕೇಳಿ, ಹಳೇ ತುಂಡು ಅಳತೆಗೆ ತಗೊಂಡು ಹೋಗಿ. ನೀರಿನ ಪ್ಲಾಸ್ಟಿಕ್ ಪೈಪ್ ಖಂಡಿತ ಬೇಡ.

ಆಮೇಲೆ ಪಂಪು. ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಬೀಡಿ ಸಿಗರೇಟು ಹತ್ತಿರ ಇಲ್ಲದೆ, ಕಿಡಿ ಬಾರದ ಹಾಗೆ ಕಾಯಿಲಿನ ಸಣ್ಣ ವಯರ್ ತೆಗೆದಿಟ್ಟು, ಕಾರ್ಬುರೇಟರಿಗೆ ಹೋಗುವ ಪೈಪನ್ನು ಗಾಜಿನ ಬಾಟಲಿಗೆ ಹಾಕಿ, ಮನೆಯವರ ಹತ್ತಿರ ಸೆಲ್ಫ್ ಹೊಡೆಸಿ. ಚಿಮ್ಮಿ ಚಿಮ್ಮಿ ಬರ್ಬೇಕು. ಬರದಿದ್ರೆ ಟ್ಯಾಂಕಿನ ಪೈಪ್ ಕಳಚಿ, ಇನ್ನೊಂದು ಬಾಟಲಿಯ ಪೆಟ್ರೋಲಿಂದ ಪಂಪು ಎಳೆಯುವ ಹಾಗೆ ಮಾಡಿ ಪುನಃ ನೋಡಿ, ಆಗ ಜೋರು ಬಂದ್ರೆ ಪಂಪು ಒಳ್ಳೇದುಂಟು, ತೊಂದರೆ ಹಿಂದಿನ ಪೈಪಲ್ಲೋ ಫಿಲ್ಟರಲ್ಲೋ ಟ್ಯಾಂಕಲ್ಲೋ. ಆಗ್ಲೂ ಬರದಿದ್ರೆ ಪಂಪೇ ಹೋಗಿದೆ, ಹೆಚ್ಚಾಗಿ ಅದರ ಡಯಾಫ್ರಮ್, ಅಂದ್ರೆ ಒಳಗಿನ ತೆಳು ಪರದೆ. ಅದು ಹರಿದ್ರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಆಯಿಲ್ ಪೆಟ್ರೋಲ್ ವಾಸನೆ ಬಂದ್ರೆ ಆಯಿಲ್ ಬದಲಿಸದೆ ಗಾಡಿ ಓಡಿಸ್ಲೇ ಬೇಡಿ.

ಆ ಬಾಟಲಿಯನ್ನು ಚೆಲ್ಲಬೇಡಿ, ಅರ್ಧ ಗಂಟೆ ಅಲುಗಿಸದೆ ಇಡಿ. ಅಡಿಯಲ್ಲಿ ಬೇರೆ ಪದರ ಕಂಡ್ರೆ ನೀರು ಸೇರಿದೆ, ಕೆಂಪು ಪುಡಿ ಕಂಡ್ರೆ ಟ್ಯಾಂಕಿಗೆ ತುಕ್ಕು ಹಿಡಿದಿದೆ. ಫಿಲ್ಟರ್ ಮಾತ್ರ ಬದಲಿಸಿದ್ರೆ ನಾಲ್ಕು ದಿನಕ್ಕೆ ಅದೂ ಕಟ್ತದೆ, ಟ್ಯಾಂಕ್ ಇಳಿಸಿ ತೊಳೆಸ್ಲೇಬೇಕು.

ಪ್ರಶ್ನೆ: ಹಳೇ ಚೇತಕ್ ಸ್ಕೂಟರ್ ನಿಲ್ಲಿಸಿಟ್ರೆ ಕಾರ್ಬುರೇಟರಿಂದ ಪೆಟ್ರೋಲ್ ಸೋರ್ತದೆ.
– ಮಂಜೇಶ್ವರದ ಓದುಗರು

ಉತ್ತರ: ಕಾರ್ಬುರೇಟರಿನ ಬೌಲಲ್ಲಿ ತೇಲುವ ಫ್ಲೋಟ್ ತೆಗೆದು ಕಿವಿ ಹತ್ತಿರ ಅಲುಗಿಸಿ. ಒಳಗೆ ಗುಳುಗುಳು ಕೇಳಿದ್ರೆ ತೂತಾಗಿದೆ, ಬದಲಿಸಿ. ಇಲ್ಲದಿದ್ರೆ ಬೌಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ನೀಡಲ್ ವಾಲ್ವ್ ಸವೆದಿರ್ತದೆ. ರಿಪೇರಿ ಆಗುವ ತನಕ ನಿಲ್ಲಿಸಿದಾಗೆಲ್ಲ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಮನೆಯೊಳಗೆ ಇಡ್ಬೇಡಿ.