ಗೈಡ್ ಬಿಡಿಸಿದ ಮೀನು

ಹ್ಯೂಸ್ಟನ್‌ನಲ್ಲಿರುವ ಕುಂದಾಪುರ ಮೂಲದ ಓದುಗರೊಬ್ಬರು ಸಿಟ್ಟಿನಿಂದ ಬರೆದ ಪತ್ರವೊಂದು ನಮ್ಮ ಮುಂದಿದೆ. ಅವರೂ ಮೂವರು ಸ್ನೇಹಿತರೂ ಫೆಬ್ರುವರಿಯಲ್ಲಿ ದಕ್ಷಿಣ ಟೆಕ್ಸಸ್‌ನ ಬ್ಯಾಫಿನ್ ಕೊಲ್ಲಿಗೆ ಹೋಗಿ, ದೊಡ್ಡ ಟ್ರೌಟ್ ಮೀನು ಹಿಡಿಯುವ ಆಸೆಯಿಂದ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡು, ಇಡೀ ದಿನ ಸೊಂಟದ ನೀರಿನಲ್ಲಿ ನಿಂತು ಗಾಳ ಬೀಸಿದರಂತೆ. ಗೈಡ್ ನಾಲ್ಕು ಕಡೆ ಜಾಗ ಬದಲಿಸಿದರು, ಒಂದು ಕಡೆಯಂತೂ ಯಾರನ್ನೂ ನೀರಿಗಿಳಿಸದೆ ದೋಣಿಯಲ್ಲಿ ಸುಮ್ಮನೆ ಕುಳಿತರು. ಮಧ್ಯಾಹ್ನ ನಮ್ಮ ಓದುಗರ ಗಾಳಕ್ಕೇ 29 ಇಂಚಿನ ಮೀನು ಬಿತ್ತು. ಅದನ್ನು ಇಟ್ಟುಕೊಳ್ಳಲು ಕಾನೂನಿನ ಅನುಮತಿಯಿದ್ದರೂ ಗೈಡ್ ಬಿಡಿಸಿದರು. "ಹಣ ನಮ್ಮದು, ಮೀನು ನಮ್ಮದು, ತೀರ್ಮಾನ ಮಾತ್ರ ಅವನದು! ಹಿಡಿದು ಬಿಡುವುದಾದರೆ ಹಿಡಿಯುವುದೇಕೆ? ತಿನ್ನುವುದಕ್ಕಾಗಿ ಹಿಡಿಯುವ ನಮ್ಮೂರಿನ ಬೆಸ್ತರೇ ಹೆಚ್ಚು ಪ್ರಾಮಾಣಿಕರಲ್ಲವೇ?" ಎಂಬುದು ಅವರ ಪ್ರಶ್ನೆ. ಇದೇ ಅಸಮಾಧಾನದಲ್ಲಿ ಗೈಡ್‌ಗೆ ಕೊಡಬೇಕಾದ ಟಿಪ್ಪನ್ನು ಅರ್ಧಕ್ಕಿಳಿಸಿದ್ದನ್ನೂ ಮುಚ್ಚಿಡದೆ ತಿಳಿಸಿದ್ದಾರೆ.

ಮಾನ್ಯರೇ, ನಿಮ್ಮ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಾಯಿಗೆ ಕೊಕ್ಕೆ ಚುಚ್ಚಿ, ದಣಿಸಿ, ಫೋಟೊ ತೆಗೆಸಿಕೊಂಡು ನೀರಿಗೆ ಬಿಡುವುದನ್ನು ದಯೆ ಎಂದು ಕರೆಯುವವರ ಬಗ್ಗೆ ನನಗೂ ಅನುಮಾನವಿದೆ. ಹಾಗೆ ಬಿಟ್ಟ ಮೀನುಗಳೆಲ್ಲ ಬದುಕುವುದೂ ಇಲ್ಲ. ಟೆಕ್ಸಸ್‌ನಲ್ಲಿ 1981ರ ಕಾನೂನು ಈ ಟ್ರೌಟನ್ನೂ ರೆಡ್‌ಫಿಶ್ ಎಂಬ ಇನ್ನೊಂದು ಮೀನನ್ನೂ ಆಟದ ಮೀನುಗಳೆಂದು, ಅಂದರೆ ಹವ್ಯಾಸಕ್ಕಾಗಿ ಗಾಳದಿಂದ ಹಿಡಿಯುವ ಮೀನುಗಳೆಂದು ಘೋಷಿಸಿ, ಅಲ್ಲಿನ ನೀರಿನಲ್ಲಿ ಹಿಡಿದದ್ದರ ಮಾರಾಟವನ್ನು ನಿಲ್ಲಿಸಿದಾಗ ಬಲೆಯವರು ಸೋತು ಗಾಳದವರು ಗೆದ್ದರೆಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡ ಮೇಲೆ, ನಾನು ನಿಮ್ಮ ಗೈಡ್‌ನ ಪಕ್ಷ.

ನೀವು ಎಂಥ ನೀರಿನಲ್ಲಿ ನಿಂತಿದ್ದಿರಿ ಎಂಬುದನ್ನು ಮೊದಲು ನೋಡೋಣ. ಬ್ಯಾಫಿನ್ ಕೊಲ್ಲಿಯು ಲಗೂನಾ ಮಾದ್ರೆ ಎಂಬ ಉದ್ದನೆಯ ಹಿನ್ನೀರಿನ ಒಂದು ಕವಲು. ಪಾದ್ರೆ ದ್ವೀಪದ ಮರಳದಂಡೆ ಅದನ್ನು ಮೆಕ್ಸಿಕೊ ಕೊಲ್ಲಿಯಿಂದ ಬೇರ್ಪಡಿಸಿದೆ. ಹೇಳಿಕೊಳ್ಳುವಂಥ ನದಿ ಯಾವುದೂ ಅಲ್ಲಿಗೆ ಬಂದು ಸೇರುವುದಿಲ್ಲ. ಮಳೆಯಿಂದ ಬರುವ ನೀರಿಗಿಂತ ಆವಿಯಾಗುವುದೇ ಹೆಚ್ಚಾದ್ದರಿಂದ ಅಲ್ಲಿಯ ಉಪ್ಪು ಅನೇಕ ವೇಳೆ ಸಮುದ್ರದ ಉಪ್ಪನ್ನೂ ಮೀರುತ್ತದೆ. ತಳದಲ್ಲಿ ಸರ್ಪ್ಯುಲಿಡ್ ಎಂಬ ಹುಳುಗಳು ಹಿಂದೆಂದೋ ಸುಣ್ಣದ ಕೊಳವೆಗಳನ್ನು ಕಟ್ಟಿ ಬೆಳೆಸಿದ ಬಂಡೆಗಳಿವೆ. ತಿಳಿಯದವನ ದೋಣಿಯ ತಳವನ್ನು ಅವು ಸೀಳಿಬಿಡುತ್ತವೆ. ನೀವು ಬೆನ್ನಟ್ಟಿದ ಮೀನು ಕೂಡ ಬೆಟ್ಟದ ತೊರೆಗಳ ಟ್ರೌಟ್ ಅಲ್ಲ, ನಮ್ಮ ಕರಾವಳಿಯ ಕಲ್ಲೂರು ಮೀನಿನ ಬಳಗಕ್ಕೆ ಸೇರಿದ್ದು. ಬಹುಶಃ ನಿಮ್ಮ ತಾಯಿಯವರು ಅದನ್ನು ನೋಡಿದೊಡನೆ ಗುರುತಿಸುತ್ತಿದ್ದರು.

ಗೈಡ್ "ಸುಮ್ಮನೆ ಕುಳಿತ" ಹೊತ್ತಿನ ಬಗ್ಗೆ ನೀವು ವ್ಯಂಗ್ಯವಾಗಿ ಬರೆದಿದ್ದೀರಿ. ಅದೇ ವಾಕ್ಯದ ಮುಂದೆ "ಎಲ್ಲೋ ನಾಲ್ಕಾರು ಸಣ್ಣ ಮೀನು ಎಗರುವುದನ್ನು ನೋಡುತ್ತಿದ್ದ" ಎಂದೂ ಇದೆ. ಆ ಸಣ್ಣ ಮೀನುಗಳು ಮಲ್ಲೆಟ್‌ಗಳು, ದೊಡ್ಡ ಟ್ರೌಟಿನ ಮುಖ್ಯ ಆಹಾರ. ಅವು ನಿರಾಳವಾಗಿ ಎಗರುತ್ತಿವೆಯೋ ಬೆದರಿ ಚಿಮ್ಮುತ್ತಿವೆಯೋ, ನೀರಿನ ಮೇಲೆ ಎಣ್ಣೆಯ ಜಿಡ್ಡಿನಂಥ ನುಣುಪು ಪಟ್ಟಿ ಎಲ್ಲಾದರೂ ಹರಡುತ್ತಿದೆಯೋ ಎಂಬುದನ್ನು ನೋಡಿಯೇ ಅಲ್ಲಿ ಇಳಿಯಬೇಕೇ ಬೇಡವೇ ಎಂದು ನಿರ್ಧರಿಸಬೇಕು. ಇಳಿದ ಮೇಲೆ ನಾಲ್ವರ ಹೆಜ್ಜೆಯ ಸದ್ದಿಗೆ ದೊಡ್ಡ ಮೀನು ದೂರ ಸರಿದಿರುತ್ತದೆ. ಮಧ್ಯಾಹ್ನದ ಬಿಸಿಲೇರಿದ ಮೇಲೆ ನಿಮ್ಮನ್ನು ಕಪ್ಪು ಕೆಸರಿನ ಆಳವಿಲ್ಲದ ಜಾಗಕ್ಕೆ ಕರೆದೊಯ್ದದ್ದು ಕೂಡ ಸುಮ್ಮನೆ ಅಲ್ಲ. ಕಪ್ಪು ತಳ ಬೇಗ ಕಾಯುತ್ತದೆ, ಚಳಿಗಾಲದಲ್ಲಿ ಮೀನು ಆ ಬಿಸುಪನ್ನು ಹುಡುಕಿಕೊಂಡು ಬರುತ್ತದೆ. ನಿಮ್ಮ 29 ಇಂಚು ಸಿಕ್ಕಿದ್ದು ಅಲ್ಲಿಯೇ. "ನಿಧಾನ, ಇನ್ನೂ ನಿಧಾನ" ಎಂದು ಆತ ತಲೆ ತಿಂದದ್ದನ್ನು ದೂರಿದ್ದೀರಿ; ತಣ್ಣನೆಯ ನೀರಿನಲ್ಲಿ ಮೀನಿನ ಮೈಯೇ ಮಂದವಾಗಿರುತ್ತದೆ, ಓಡುವ ಎರೆಯನ್ನು ಅದು ಅಟ್ಟಿಸಿಕೊಂಡು ಬರುವುದಿಲ್ಲ. ನೀರಿಗಿಳಿದ ಕೂಡಲೇ, ಕಾಲೆತ್ತಿ ಇಡಬೇಡಿ, ಮರಳಿನ ಮೇಲೆ ಎಳೆದುಕೊಂಡು ನಡೆಯಿರಿ ಎಂದು ಕಲಿಸಿದರಲ್ಲ, ಮರಳಿನಲ್ಲಿ ಹುದುಗಿ ಮಲಗಿರುವ ತೊರಕೆ ಮೀನು ಆಗ ತಾನಾಗಿ ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಕಣಕಾಲಿಗೆ ನಾಟುತ್ತದೆ. ನಾಲ್ವರೂ ಕಾಲು ಕ್ಷೇಮವಾಗಿ ಮನೆಗೆ ಮರಳಿದ್ದು ನಿಮ್ಮ ಲೆಕ್ಕದ ಯಾವ ಕಲಮಿನಲ್ಲೂ ಕಾಣಲಿಲ್ಲ.

ಇನ್ನು ಬಿಡಿಸಿದ ಮೀನಿನ ವಿಷಯ. ಈ ಜಾತಿಯಲ್ಲಿ ಗಂಡು 20 ಇಂಚು ದಾಟುವುದು ಅಪರೂಪ. ಆದ್ದರಿಂದ ನಿಮ್ಮ ಕೈಯಲ್ಲಿದ್ದದ್ದು ಹೆಣ್ಣು, ಅದೂ ಹಲವು ವರ್ಷ ಬದುಕಿ ಬಂದ ಹೆಣ್ಣು, ಒಂದೇ ಬೇಸಗೆಯಲ್ಲಿ ಮತ್ತೆ ಮತ್ತೆ ಮೊಟ್ಟೆಯಿಡುವಂಥದ್ದು. 2021ರ ಫೆಬ್ರುವರಿಯ ಹಿಮಗಾಳಿ ನಿಮಗೆ ನೆನಪಿರಬೇಕು, ಹ್ಯೂಸ್ಟನ್‌ನಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಟೆಕ್ಸಸ್ ಕರಾವಳಿಯಲ್ಲಿ ಆಗ ಕನಿಷ್ಠ 38 ಲಕ್ಷ ಮೀನುಗಳು ಸತ್ತವೆಂದು ಅಲ್ಲಿನ ವನ್ಯಜೀವಿ ಇಲಾಖೆ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದದ್ದು ಇದೇ ಲಗೂನಾ ಮಾದ್ರೆ. ಆ ಪೆಟ್ಟಿನ ನಂತರ ಬಿಗಿಯಾದ ನಿಯಮ 2024ರಲ್ಲಿ ಈಗಿನ ರೂಪಕ್ಕೆ ಬಂತು: ದಿನಕ್ಕೆ ಮೂರು ಮೀನು, 15ರಿಂದ 20 ಇಂಚಿನೊಳಗಿನವು. 28 ಇಂಚು ಮೀರಿದ್ದನ್ನು ಪರವಾನಗಿಯ ಜೊತೆಗಿನ ವಿಶೇಷ ಚೀಟಿ ಲಗತ್ತಿಸಿ ಒಂದನ್ನು ಇಟ್ಟುಕೊಳ್ಳಬಹುದು. ನಿಮ್ಮ ವಾದವೆಲ್ಲ ಆ ಚೀಟಿಯ ಮೇಲೆಯೇ ನಿಂತಿದೆ. ಆದರೆ ದೋಣಿ ಹೊರಡುವ ಮೊದಲೇ "ನನ್ನ ದೋಣಿಯಲ್ಲಿ ದೊಡ್ಡ ಮೀನು ಮರಳಿ ನೀರಿಗೆ" ಎಂದು ಆತ ಹೇಳಿದ್ದನ್ನು ನಿಮ್ಮ ಪತ್ರವೇ ಒಪ್ಪಿಕೊಳ್ಳುತ್ತದೆ. ಕಾನೂನು ವರ್ಷಕ್ಕೊಮ್ಮೆ ಬಂದುಹೋಗುವವರನ್ನೂ ಗಮನದಲ್ಲಿಟ್ಟು ಬರೆದದ್ದು. ಆತ ನಾಳೆಯೂ ನಾಡಿದ್ದೂ ಅದೇ ನೀರಿಗೆ ಇಳಿಯಬೇಕಾದವರು. ಟೆಕ್ಸಸ್‌ನ ದಾಖಲೆ ಟ್ರೌಟನ್ನು, ಹದಿನೈದೂವರೆ ಪೌಂಡಿಗೂ ತುಸು ಹೆಚ್ಚು ತೂಗಿದ್ದನ್ನು, 2002ರ ಮೇ ತಿಂಗಳಿನಲ್ಲಿ ಹಿಡಿದ ಬಡ್ ರೋಲೆಂಡ್ ಅದನ್ನು ಜೀವಂತವಾಗಿ ನೀರಿಗೇ ಬಿಟ್ಟರು. ದಾಖಲೆಗೇನೂ ಕುಂದು ಬರಲಿಲ್ಲ.

ಇದನ್ನೆಲ್ಲ ಇಷ್ಟು ಬಿಸಿಯಾಗಿ ಬರೆಯಲು ಕಾರಣ ಕಾವೇರಿ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಮಹಶೀರ್ ಮೀನನ್ನು ಹಿಡಿದು ಬಿಡುವ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ನಾನು ಅಲ್ಲಿ ಕಂಡ ಒಬ್ಬ ತೆಪ್ಪದವರು, ಹಿಡಿದ ಮೀನನ್ನು ಪ್ರವಾಹಕ್ಕೆ ಎದುರುಮುಖವಾಗಿ ನೀರಿನಲ್ಲೇ ಹಿಡಿದು, ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡದಲ್ಲಿಟ್ಟು, ಕಿವಿರು ಸರಿಯಾಗಿ ಆಡುವವರೆಗೆ ಕಾದು ನಿಂತಿದ್ದರು. ದಂಡೆಯ ಮೇಲಿದ್ದ ಬೆಂಗಳೂರಿನ ಅತಿಥಿ "ಏ, ಎತ್ತಿ ತೋರಿಸಯ್ಯ, ಫೋಟೊ ಆಗಲಿ" ಎಂದು ಕೂಗುತ್ತಲೇ ಇದ್ದ. ಅವರು ತಲೆಯೆತ್ತಲಿಲ್ಲ. ಕಾವೇರಿಯ ಆ ಮಹಶೀರ್ ಪ್ರಭೇದದ ಹೆಸರು ವಿಜ್ಞಾನಿಗಳ ನಡುವೆ ಇತ್ಯರ್ಥವಾದದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟು ಹೊತ್ತಿಗೆ ವನ್ಯಧಾಮದೊಳಗಿನ ಗಾಳದ ಶಿಬಿರಗಳು ಮುಚ್ಚಿದ್ದವು. ಮುಚ್ಚಿದ್ದು ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ಅಧಿಕಾರಿಗಳ ಮಾತು ಓದಿದ್ದೇನೆ, ಗಾಳದ ಹವ್ಯಾಸಿಗಳ ಮಾತು ಓದಿದ್ದೇನೆ. ತೆಪ್ಪದವರನ್ನು ಯಾರಾದರೂ ಕೇಳಿದ್ದನ್ನು ಎಲ್ಲಿಯೂ ಓದಿಲ್ಲ.

ನಮ್ಮ ಜನರ ರೂಢಿಯೇ ಹಾಗೆ. ಸಫಾರಿ ಜೀಪಿನ ಚಾಲಕ ಹುಲಿ ತೋರಿಸದಿದ್ದರೆ ಮುಖ ಗಂಟಿಕ್ಕುತ್ತೇವೆ, ತೋರಿಸಿದರೆ ಇನ್ನೂ ಹತ್ತಿರ ಹೋಗೆನ್ನುತ್ತೇವೆ. ಚಾರಣದ ದಾರಿ ಬಲ್ಲ ಹಳ್ಳಿಯ ಹುಡುಗನಿಗೆ ದಿನದ ಕೂಲಿ ಕೊಡುವಾಗ ಚೌಕಾಸಿ ಮಾಡುತ್ತೇವೆ. ಹಣ ಕೊಟ್ಟದ್ದು ಮೀನಿಗೆ ಎಂದು ನೀವು ತಿಳಿದಿರುವಿರಿ. ಮೀನೇ ಬೇಕಿದ್ದರೆ ಹ್ಯೂಸ್ಟನ್‌ನ ಯಾವ ಅಂಗಡಿಯಲ್ಲಾದರೂ ಅದರ ಹತ್ತರಲ್ಲೊಂದು ಪಾಲಿಗೆ ಸಿಗುತ್ತಿತ್ತು. ನೀವು ಕೊಂಡದ್ದು ಒಬ್ಬರು ವರ್ಷಗಟ್ಟಲೆ ಆ ಕೊಲ್ಲಿಯನ್ನು ನೋಡಿ ಗಳಿಸಿದ ತಿಳಿವಳಿಕೆಯ ಒಂದು ದಿನ, ಮತ್ತು ದೊಡ್ಡ ಮೀನನ್ನು ಬಿಡುವುದು ಆ ತಿಳಿವಳಿಕೆಯದೇ ಭಾಗ.

ಕುಂದಾಪುರದವರಾದ ನಿಮಗೆ ಇದನ್ನು ನಾನು ಹೇಳಬೇಕಾಗಿ ಬಂತಲ್ಲ ಎಂಬುದೇ ಸೋಜಿಗ. ದೋಣಿಯಲ್ಲಿ ಅದನ್ನು ನಡೆಸುವ ತಾಂಡೇಲನ ಮಾತಿಗೆ ಎದುರಾಡುವುದಿಲ್ಲವೆಂಬುದು ನಿಮ್ಮೂರಿನ ಮಕ್ಕಳಿಗೂ ಗೊತ್ತು. ಗೈಡ್‌ನ ವಿಳಾಸ ನಿಮ್ಮಲ್ಲಿದೆ. ಉಳಿಸಿಕೊಂಡ ಅರ್ಧ ಟಿಪ್ಪನ್ನು ಕಳುಹಿಸಿಕೊಡಿ, ಮುಂದಿನ ಚಳಿಗಾಲದ ದಿನವನ್ನು ನಿಮ್ಮ ರಜೆ ನೋಡಿ ಗೊತ್ತುಮಾಡದೆ, ಆತನನ್ನೇ ಕೇಳಿ ಗೊತ್ತುಮಾಡಿ. ಆಗ ನೀವು ಬರೆಯುವ ಪತ್ರಕ್ಕೂ ಇಲ್ಲಿ ಜಾಗ ಇರುತ್ತದೆ, ಈ ಸಲಕ್ಕಿಂತ ಸ್ವಲ್ಪ ಚಿಕ್ಕದಾಗಿದ್ದರೆ ಒಳ್ಳೆಯದು.

– ಸಂಪಾದಕ